ಚೌಳುನೀರಿನ ಮೀನುಗಳೂ ಗಾಜಿನ ತೊಟ್ಟಿಗಳೂ

(ವ್ಯವಸಾಯ ಇನ್‌ಸ್ಪೆಕ್ಟರೊಬ್ಬರು, ಎಲ್.ಎಜಿ., ಬರೆದುದು)

ಕಂಗೆಟ್ಟು ಚಡಪಡಿಸುವವನನ್ನು "ನೀರಿನಿಂದ ತೆಗೆದ ಮೀನಿನಂತೆ" ಎಂದು ಹೋಲಿಸುವುದು ನಮ್ಮಲ್ಲಿ ವಾಡಿಕೆ. ಆದರೆ ಯಾರೂ ತೆಗೆಯದೆಯೇ ನೀರಿನಿಂದ ತಾನಾಗಿ ಹೊರಬಂದು, ಕೆಸರಿನ ಮೇಲೆ ಕುಳಿತು, ಜಿಗಿಯುತ್ತ ತೆವಳುತ್ತ ಆಹಾರವನ್ನು ಹುಡುಕುವ ಮೀನೊಂದು ನಮ್ಮ ಕರಾವಳಿಯ ಅಳಿವೆಗಳಲ್ಲಿ ಉಂಟು. ಇಂಗ್ಲಿಷಿನಲ್ಲಿ ಅದಕ್ಕೆ ಮಡ್‌ಸ್ಕಿಪ್ಪರ್ ಎಂದು ಹೆಸರು. ನಾವು ಕೆಸರುಜಿಗಿಕ ಎಂದು ಕರೆಯಬಹುದು. ಈ ಮೀನೂ ಇದರಂತೆ ಚೌಳುನೀರಿನಲ್ಲಿ ಬಾಳುವ ಬೇರೆ ಕೆಲವು ಮೀನುಗಳೂ ಬೆಂಗಳೂರಿನ ಮನೆಗಳ ಗಾಜಿನ ತೊಟ್ಟಿಗಳನ್ನು ಸೇರಿರುತ್ತವೆ. ಅವುಗಳಲ್ಲಿ ಬಹುಪಾಲು ಬೇಗನೆ ಸಾಯುತ್ತವೆ. ಸಾಯುವ ಕಾರಣವನ್ನು ತಿಳಿಯದೆಯೇ ಕೆಲವರು ಇವನ್ನು ಸಾಕಿ ಮಾರುವ ಉದ್ಯಮಕ್ಕೆ ಹಣ ಹೂಡಲು ಮನಸ್ಸು ಮಾಡುತ್ತಿದ್ದಾರೆ. ಬೇಸಾಯದ ಪತ್ರಿಕೆಯಲ್ಲಿ ಮೀನಿನ ಮಾತೇಕೆಂದು ಕೇಳುವವರಿಗೆ ನನ್ನ ಉತ್ತರವಿಷ್ಟೆ: ಹಣ ಹೂಡಲು ಹೊರಟಿರುವವರು ಜಮೀನುದಾರರೇ ಆಗಿರುವುದರಿಂದಲೂ, ಇದರಲ್ಲಿ ಆಗುವ ತಪ್ಪು ಮಣ್ಣನ್ನೂ ನೀರನ್ನೂ ನೋಡದೆ ಬೀಜ ಬಿತ್ತುವವನ ತಪ್ಪೇ ಆಗಿರುವುದರಿಂದಲೂ, ಈ ವಿಷಯವನ್ನು ಇಲ್ಲಿ ಪ್ರಸ್ತಾಪಿಸುವುದು ಯುಕ್ತವೆಂದು ತಿಳಿದಿದ್ದೇನೆ.

ರಾಜಗೋಪಾಲನಗರದಲ್ಲಿ ಕಂಡದ್ದು

ಪೀಣ್ಯದ ಬಳಿಯ ರಾಜಗೋಪಾಲನಗರದಲ್ಲಿ ನನಗೆ ಪರಿಚಿತರಾದ ಜಮೀನುದಾರರೊಬ್ಬರಿದ್ದಾರೆ. ೧೯೭೦ರ ದಶಕದಲ್ಲಿ ಪೀಣ್ಯದ ಕೈಗಾರಿಕಾ ಪ್ರದೇಶವು ಬೆಳೆಯತೊಡಗಿದ ಮೇಲೆ, ಅವರ ಹಿರಿಯರು ರಾಗಿ ಅವರೆ ಬೆಳೆಯುತ್ತಿದ್ದ ಹೊಲದಲ್ಲಿ ಕಾರ್ಖಾನೆಯ ಶೆಡ್ಡುಗಳೂ ಬಾಡಿಗೆಯ ಮನೆಗಳೂ ಎದ್ದಿವೆ. ನೆಲಮಂಗಲದ ಕಡೆ ಅವರಿಗೆ ಇನ್ನೂ ಸ್ವಲ್ಪ ಜಮೀನು ಉಂಟು. ಕಳೆದ ಮಾಗಿಯಲ್ಲಿ ಆ ಜಮೀನಿನ ವಿಚಾರವಾಗಿ ಅವರ ಮನೆಗೆ ಹೋಗಿದ್ದಾಗ ಅವರು ನನ್ನನ್ನು ಒಳಗೆ ಕರೆದೊಯ್ದು ಮೂರು ಅಡಿ ಉದ್ದದ ಗಾಜಿನ ತೊಟ್ಟಿಯೊಂದನ್ನು ತೋರಿಸಿದರು. ತೊಟ್ಟಿಯು ಕಂಠದವರೆಗೂ ನೀರಿನಿಂದ ತುಂಬಿತ್ತು. ಬೆರಳುದ್ದದ ನಾಲ್ಕು ಕಂದುಬಣ್ಣದ ಮೀನುಗಳು ನೀರಿನ ಮೇಲ್ಮಟ್ಟದಲ್ಲಿ ಗಾಜಿಗೆ ಅಂಟಿಕೊಂಡು ನಿಂತಿದ್ದವು.

"ಸ್ವಾಮೀ, ಜಮೀನಿನ ಮಾತು ಆಮೇಲಾಗಲಿ, ಮೊದಲು ಇದನ್ನು ನೋಡಿ. ಹುಡುಗ ಆರು ಮೀನು ತಂದ, ಎರಡು ಸತ್ತವು. ಉಳಿದವು ನೀರಿನಲ್ಲಿ ಇರಲೊಲ್ಲವು. ಹಿಡಿದು ಕೆಳಕ್ಕೆ ಬಿಟ್ಟಷ್ಟೂ ಮೇಲಕ್ಕೇ ಬರುತ್ತವೆ. ಇದೇನು ರೋಗ?" ಎಂದು ಅವರು ಕೇಳಿದರು.

ಉಪ್ಪು ಹಾಕಿದ್ದೀರಾ ಎಂದು ಕೇಳಿದೆ. ಅಂಗಡಿಯವನು ಹೇಳಿದಂತೆ ಒಂದು ಹಿಡಿ ಅಡಿಗೆಯ ಉಪ್ಪನ್ನು ಹಾಕಿದ್ದರಂತೆ. ನೀರು ಕೊಳವೆಬಾವಿಯದು.

ಇಲ್ಲಿ ನನ್ನ ತಪ್ಪನ್ನು ಮರೆಮಾಚದೆ ಹೇಳಬೇಕಾಗಿದೆ. ನೀರು ಕೆಟ್ಟಿರಬೇಕೆಂದು ಊಹಿಸಿ, "ಯಜಮಾನರೆ, ಇದನ್ನೆಲ್ಲ ಚೆಲ್ಲಿಸಿ ಹೊಸ ನೀರು ತುಂಬಿಸಿ" ಎಂದು ಹೇಳಿ ಬಂದೆ. ಅವರು ಹಾಗೆಯೇ ಮಾಡಿದರು. ಮರುದಿನ ಬೆಳಗಾಗುವುದರೊಳಗೆ ಇನ್ನೆರಡು ಮೀನುಗಳು ಸತ್ತುಬಿದ್ದಿದ್ದವು. ಆ ಬಳಿಕ ಗ್ರಂಥಗಳನ್ನು ನೋಡಿ, ಮೀನುಗಾರಿಕೆಯನ್ನು ಬಲ್ಲವರನ್ನು ವಿಚಾರಿಸಿದಾಗ, ಅವರ ಪ್ರಶ್ನೆಯೂ ನನ್ನ ಉತ್ತರವೂ ಎರಡೂ ತಪ್ಪೆಂಬುದು ತಿಳಿಯಿತು. ಮೀನಿಗೆ ರೋಗವೇನೂ ಇರಲಿಲ್ಲ. ಅದು ನೆಲವನ್ನು ಹುಡುಕುತ್ತಿತ್ತು. ಇದಕ್ಕಿಂತ ದೊಡ್ಡ ಸಂಗತಿಯೆಂದರೆ, ಆ ಗೃಹಸ್ಥರು ಇಂತಹ ಮೀನುಗಳನ್ನೇ ಸಾಕಿ ಮಾರುವುದಕ್ಕಾಗಿ ನೆಲಮಂಗಲದ ಜಮೀನಿನಲ್ಲಿ ಶೆಡ್ಡು ಹಾಕಿಸಲು ಆಗಲೇ ಅಂದಾಜುಪಟ್ಟಿಯನ್ನು ಬರೆಸಿದ್ದರು. ನಾಲ್ಕು ಮೀನುಗಳ ನಷ್ಟದಲ್ಲಿ ಅವರಿಗೆ ತಿಳಿಯಬಂದದ್ದು, ತಡವಾಗಿದ್ದರೆ ಲಕ್ಷಾಂತರ ರೂಪಾಯಿಗಳ ನಷ್ಟದಲ್ಲಿ ತಿಳಿಯುತ್ತಿತ್ತು.

ಈ ಮೀನಿನ ಸ್ವಭಾವ

ಕೆಸರುಜಿಗಿಕವು ಕಿವಿರುಗಳಿರುವ ನಿಜವಾದ ಮೀನೇ ಸರಿ. ಆದರೆ ನೆಲಕ್ಕೆ ಬರುವಾಗ ಅದು ಕಿವಿರಿನ ಗೂಡಿನಲ್ಲಿ ನೀರನ್ನು ತುಂಬಿಕೊಂಡು ಬರುತ್ತದೆ. ಅಲ್ಲದೆ ಒದ್ದೆಯಾದ ಚರ್ಮದಿಂದಲೂ ಬಾಯಿ ಗಂಟಲುಗಳ ಒಳಪೊರೆಯಿಂದಲೂ ಗಾಳಿಯ ಪ್ರಾಣವಾಯುವನ್ನು ಹೀರಿಕೊಳ್ಳುತ್ತದೆ. ಮೈ ಒಣಗಿದರೆ ಈ ಉಸಿರಾಟವು ನಿಲ್ಲುವುದರಿಂದ ಅದು ಕೆಸರಿನಲ್ಲಿ ಮತ್ತೆ ಮತ್ತೆ ಹೊರಳುತ್ತದೆ. ಎದೆಯ ರೆಕ್ಕೆಗಳು ಮೊಣಕೈಯಂತೆ ಬಾಗಿ ನಡೆಯಲು ಒದಗುತ್ತವೆ. ತಲೆಯ ಮೇಲೆ ಉಬ್ಬಿರುವ ಕಣ್ಣುಗಳನ್ನು ಗುಳಿಯೊಳಕ್ಕೆ ಎಳೆದುಕೊಂಡು ಒದ್ದೆಮಾಡಿಕೊಳ್ಳುವುದನ್ನು ನೋಡಿದರೆ ಅದು ರೆಪ್ಪೆ ಬಡಿಯುವಂತೆ ಕಾಣುತ್ತದೆ.

ಇವುಗಳಲ್ಲಿ ಹಲವು ಜಾತಿಗಳುಂಟು. ಪೆರಿಯಾಫ್ತಾಲ್ಮಸ್ ಎಂಬ ವರ್ಗದವು ಹುಳು, ಕೀಟ, ಸಣ್ಣ ಏಡಿಗಳನ್ನು ಹಿಡಿದು ತಿನ್ನುತ್ತವೆ. ಬೊಲಿಯಾಫ್ತಾಲ್ಮಸ್ ಎಂಬ ವರ್ಗದವು ಕೆಸರಿನ ಮೇಲೆ ಬೆಳೆಯುವ ಕಣ್ಣಿಗೆ ಕಾಣದ ಪಾಚಿಯನ್ನು ಕೆರೆದು ತಿನ್ನುತ್ತವೆ. ಇವೆಲ್ಲವೂ ಕೆಸರಿನಲ್ಲಿ ಬಿಲ ತೋಡಿಕೊಂಡು ಬಾಳುತ್ತವೆ. ಬಿಲದ ಸುತ್ತಲಿನ ನೆಲವನ್ನು ಗಂಡು ತನ್ನದೆಂದು ಸಾಧಿಸಿ ಬೇರೆ ಗಂಡುಗಳೊಡನೆ ಕಾದಾಡುತ್ತದೆ. ಕೆಲವು ಜಾತಿಗಳು ಬಿಲದೊಳಗಿನ ಗೂಡಿನಲ್ಲಿ ಮೊಟ್ಟೆಯಿಟ್ಟು, ಬಾಯಿಯಲ್ಲಿ ಗಾಳಿಯನ್ನು ಹೊತ್ತುತಂದು ಆ ಗೂಡನ್ನು ತುಂಬುತ್ತವೆ. ಇಂತಹ ಬಿಲವನ್ನು ಗಾಜಿನ ತೊಟ್ಟಿಯಲ್ಲಿ ಒದಗಿಸುವುದು ಸಾಧ್ಯವಾಗದ ಕಾರಣ, ಅಂಗಡಿಗೆ ಬರುವ ಕೆಸರುಜಿಗಿಕಗಳು ಬಹುಮಟ್ಟಿಗೆ ಅಳಿವೆಯಿಂದ ಹಿಡಿದು ತಂದವೇ ಆಗಿರುತ್ತವೆ. ಮರಿಮಾಡಿಸಿ ಮಾರಬಹುದೆಂಬ ಆಸೆಗೆ ಇಲ್ಲಿ ಆಧಾರವಿಲ್ಲ.

ಅಳಿವೆಯ ನೀರು

ಸಮುದ್ರದ ಒಂದು ಲೀಟರು ನೀರಿನಲ್ಲಿ ಸುಮಾರು ೩೫ ಗ್ರಾಂ ಲವಣಗಳು ಕರಗಿರುತ್ತವೆ. ಹೊಳೆಯ ನೀರಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಇವೆರಡೂ ಬೆರೆಯುವ ಅಳಿವೆಯಲ್ಲಿ ಲವಣದ ಪ್ರಮಾಣವು ಒಂದೇ ಸಮನಾಗಿರುವುದಿಲ್ಲ. ದಿನಕ್ಕೆ ಎರಡು ಸಲ ಉಬ್ಬರ ಬರುತ್ತದೆ, ಎರಡು ಸಲ ಇಳಿತವಾಗುತ್ತದೆ. ಮಳೆಗಾಲದಲ್ಲಿ ನೀರು ಸಿಹಿಯಾಗುತ್ತದೆ. ಬೇಸಗೆಯ ಕೊನೆಗೆ ಸಮುದ್ರದಂತೆಯೇ ಉಪ್ಪಾಗುತ್ತದೆ.

ಇಂತಹ ನೀರನ್ನು ಅರಿತು ಬಾಳುವುದನ್ನು ನೋಡಬೇಕಾದರೆ ಉತ್ತರ ಕನ್ನಡದ ಕುಮಟಾ ತಾಲ್ಲೂಕಿನ ಅಘನಾಶಿನಿ ನದಿಯ ಅಳಿವೆಗೆ ಹೋಗಬೇಕು. ಅಲ್ಲಿನ ಗಜನಿ ಭೂಮಿಗಳು ಉಬ್ಬರದ ನೀರು ನುಗ್ಗುವ ತಗ್ಗಿನ ಗದ್ದೆಗಳು. ಮಳೆ ಸುರಿದು ಮಣ್ಣಿನ ಉಪ್ಪು ತೊಳೆದುಹೋದ ಮೇಲೆ ರೈತರು ಅದರಲ್ಲಿ ಕಗ್ಗವೆಂಬ ಭತ್ತವನ್ನು ಬೆಳೆಯುತ್ತಾರೆ. ಕಗ್ಗವು ಉಪ್ಪನ್ನೂ ನೀರಿನಲ್ಲಿ ಮುಳುಗುವುದನ್ನೂ ತಡೆಯಬಲ್ಲ ಎತ್ತರವಾದ ತಳಿ. ಕೊಯ್ಲಾದ ಬಳಿಕ ಕಟ್ಟೆಯಲ್ಲಿರುವ ಮರದ ಹಲಗೆಯ ತೂಬನ್ನು ತೆರೆದು ಉಬ್ಬರದ ನೀರನ್ನು ಒಳಕ್ಕೆ ಬಿಡುತ್ತಾರೆ. ಅದರೊಡನೆ ಬರುವ ಮೀನು ಸೀಗಡಿಗಳೇ ಎರಡನೆಯ ಬೆಳೆ. ಹೊರಗಿನ ಕೆಸರುಬಯಲಿನಲ್ಲಿ ಕಾಂಡ್ಲಾ ಗಿಡಗಳ ಬೇರುಗಳ ನಡುವೆ ಕೆಸರುಜಿಗಿಕಗಳು ಆಡುತ್ತಿರುತ್ತವೆ. ಈ ಅಳಿವೆಯ ೪,೮೦೧ ಹೆಕ್ಟೇರು ಪ್ರದೇಶವು ೨೦೨೪ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಜೌಗುಭೂಮಿಗಳ ಪಟ್ಟಿಗೆ ಸೇರಿತು.

ಕಗ್ಗದ ಬೀಜವನ್ನು ತಂದು ನೆಲಮಂಗಲದ ಕೆಮ್ಮಣ್ಣಿನ ಹೊಲದಲ್ಲಿ ಬಿತ್ತಿರೆಂದು ನಾನು ಹೇಳಿದರೆ ನಮ್ಮ ರೈತರು ನಕ್ಕಾರು. ಆದರೆ ಅದೇ ಅಳಿವೆಯ ಮೀನನ್ನು ತಂದು ಕೊಳವೆಬಾವಿಯ ನೀರಿನಲ್ಲಿ ಬಿಟ್ಟಾಗ ಯಾರಿಗೂ ನಗು ಬಾರದಿರುವುದು ಆಶ್ಚರ್ಯ.

ತೊಟ್ಟಿಯಲ್ಲಿ ಬರುವ ಕಷ್ಟಗಳು

ಮೊದಲನೆಯದು ಉಪ್ಪು. ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಯು ಸುಮಾರು ೧೯೦ ಲೀಟರು ನೀರನ್ನು ಹಿಡಿಯುತ್ತದೆ. ಇದಕ್ಕೆ ಒಂದು ಹಿಡಿ ಉಪ್ಪು, ಎಂದರೆ ೫೦ ಗ್ರಾಂ ಹಾಕಿದರೆ, ಲೀಟರಿಗೆ ಕಾಲು ಗ್ರಾಮಿನಷ್ಟಾಗುತ್ತದೆ. ಕೆಸರುಜಿಗಿಕಕ್ಕೆ ಲೀಟರಿಗೆ ೧೦ರಿಂದ ೧೫ ಗ್ರಾಮಿನಷ್ಟು ಬೇಕು. ಅಡಿಗೆಯ ಉಪ್ಪು ಬಹುಮಟ್ಟಿಗೆ ಸೋಡಿಯಂ ಕ್ಲೋರೈಡು ಮಾತ್ರವೇ ಆಗಿದೆ. ಸಮುದ್ರದ ನೀರಿನಲ್ಲಿ ಮೆಗ್ನೀಷಿಯಂ, ಕ್ಯಾಲ್ಷಿಯಂ ಮೊದಲಾದವುಗಳ ಲವಣಗಳೂ ಉಂಟು. ಆದಕಾರಣ ತೊಟ್ಟಿಗಳಿಗೆಂದೇ ತಯಾರಿಸಿದ ಸಮುದ್ರಲವಣದ ಮಿಶ್ರಣವನ್ನು ಬಳಸತಕ್ಕದ್ದು. ಅದರ ಪ್ರಮಾಣವನ್ನು ನಾಲಗೆಯಿಂದಲ್ಲ, ಹೈಡ್ರೋಮೀಟರಿನಿಂದ ಅಳೆಯತಕ್ಕದ್ದು. ನೀರು ಆರಿಹೋಗುವಾಗ ಉಪ್ಪು ಆರಿಹೋಗುವುದಿಲ್ಲ. ಆದುದರಿಂದ ಆರಿದಷ್ಟನ್ನು ಸಿಹಿನೀರಿನಿಂದಲೇ ತುಂಬಬೇಕು. ಮತ್ತೆ ಉಪ್ಪುನೀರನ್ನೇ ಸುರಿಯುತ್ತ ಬಂದರೆ ತಿಂಗಳೆರಡು ತಿಂಗಳಲ್ಲಿ ತೊಟ್ಟಿಯು ಉಪ್ಪಿನ ಗದ್ದೆಯಂತಾಗುವುದು.

ಎರಡನೆಯದು ಕಣ್ಣಿಗೆ ಕಾಣದ ವಿಷ. ಮೀನಿನ ಮಲಮೂತ್ರಗಳಿಂದಲೂ ಉಳಿದ ಆಹಾರದಿಂದಲೂ ಅಮೋನಿಯಾ ಹುಟ್ಟುತ್ತದೆ. ಕೆಲವು ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟಾಗಿಯೂ ಬೇರೆ ಕೆಲವು ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ತಿಪ್ಪೆಯ ಗೊಬ್ಬರವು ಹೊಲದಲ್ಲಿ ಬೆಳೆಗೆ ಒದಗುವುದೂ ಈ ಕ್ರಮದಿಂದಲೇ ಎಂಬುದನ್ನು ನಮ್ಮ ವಾಚಕರು ಬಲ್ಲರು. ಹೊಸ ತೊಟ್ಟಿಯಲ್ಲಿ ಈ ಜೀವಿಗಳು ನೆಲಸಲು ನಾಲ್ಕರಿಂದ ಆರು ವಾರಗಳು ಬೇಕು. ಅದಕ್ಕೆ ಮೊದಲೇ ಮೀನು ಬಿಟ್ಟವರು ಮೀನನ್ನು ಕಳೆದುಕೊಳ್ಳುತ್ತಾರೆ. ಸಮುದ್ರಲವಣ ಹಾಕಿದ ನೀರು ಕ್ಷಾರಗುಣವುಳ್ಳದ್ದಾಗಿರುತ್ತದೆ. ಕ್ಷಾರವು ಹೆಚ್ಚಿದಷ್ಟೂ ಅಮೋನಿಯಾದ ವಿಷವು ಹೆಚ್ಚುತ್ತದೆ. ನಾನು ಹೇಳಿದಂತೆ ನೀರನ್ನೆಲ್ಲ ಒಮ್ಮೆಗೆ ಚೆಲ್ಲುವುದೂ ಅಷ್ಟೇ ಕೆಟ್ಟದ್ದು. ಅಳಿವೆಯ ಮೀನು ಬದಲಾವಣೆಯನ್ನು ತಾಳಬಲ್ಲುದಾದರೂ, ಸೋತುಹೋಗಿರುವಾಗ ಒಮ್ಮೆಗೆ ಬೀಳುವ ಪೆಟ್ಟನ್ನು ತಾಳಲಾರದು. ವಾರಕ್ಕೊಮ್ಮೆ ನಾಲ್ಕರಲ್ಲೊಂದು ಪಾಲನ್ನು ಬದಲಿಸುವುದು ಕ್ರಮ. ನಲ್ಲಿಯ ನೀರಿನಲ್ಲಿ ಕ್ಲೋರೀನು ಇರುವುದರಿಂದ ಅದನ್ನು ಒಂದು ದಿನ ತೆರೆದಿಟ್ಟು ಬಳಸತಕ್ಕದ್ದು. ಪೀಣ್ಯದ ಸುತ್ತಲಿನ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದು ಪರೀಕ್ಷೆಗಳಲ್ಲಿ ಕಂಡುಬಂದಿರುವ ಕಾರಣ, ಅಲ್ಲಿನ ಕೊಳವೆಬಾವಿಯ ನೀರನ್ನು ಪರೀಕ್ಷಿಸದೆ ಮೀನಿಗಾಗಲಿ ತರಕಾರಿಗಾಗಲಿ ಬಳಸಲಾಗದು.

ಮೂರನೆಯದು ನೆಲ. ಕೆಸರುಜಿಗಿಕದ ತೊಟ್ಟಿಯನ್ನು ತುಂಬಲೇ ಕೂಡದು. ತೊಟ್ಟಿಯ ಒಂದು ಬದಿಗೆ ಮರಳನ್ನು ಇಳಿಜಾರಾಗಿ ಏರಿಸಿ, ಅರ್ಧ ಭಾಗವಾದರೂ ನೀರಿನಿಂದ ಹೊರಗಿರುವಂತೆ ಮಾಡಬೇಕು. ಏರಲು ನೆಲವಿಲ್ಲದ ಈ ಮೀನು ದಣಿದು ಸಾಯುವುದುಂಟು.

ನಾಲ್ಕನೆಯದು ಗಾಳಿ ಮತ್ತು ಶಾಖ. ಕರಾವಳಿಯ ಗಾಳಿ ಬೆಚ್ಚಗೂ ತೇವವಾಗಿಯೂ ಇರುತ್ತದೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು ೯೦೦ ಮೀಟರು ಎತ್ತರದಲ್ಲಿದೆ. ಮಾಗಿಯ ರಾತ್ರಿಗಳಲ್ಲಿ ಶಾಖವು ೧೫ ಡಿಗ್ರಿ ಸೆಲ್ಸಿಯಸ್ಸಿನ ಸಮೀಪಕ್ಕೆ ಇಳಿಯುತ್ತದೆ, ಬೇಸಗೆಯಲ್ಲಿ ಗಾಳಿ ಒಣಗುತ್ತದೆ. ಈ ಮೀನಿಗೆ ನೀರೂ ಗಾಳಿಯೂ ೨೪ರಿಂದ ೩೦ ಡಿಗ್ರಿಯ ಒಳಗಿರಬೇಕು. ಆದಕಾರಣ ತೊಟ್ಟಿಗೆ ಗಾಜಿನ ಮುಚ್ಚಳವೂ ನೀರಿಗೆ ಹೀಟರೂ ಬೇಕು. ಮುಚ್ಚಳವಿಲ್ಲದಿದ್ದರೆ ಮೀನು ಹಾರಿಹೋಗಿ ಮಂಚದ ಕೆಳಗೆ ಒಣಗಿ ಸಿಕ್ಕೀತು.

ಐದನೆಯದು ಸಹವಾಸ. ಸಣ್ಣ ತೊಟ್ಟಿಯಲ್ಲಿ ಎರಡು ಗಂಡುಗಳಿದ್ದರೆ ಸೋತದ್ದಕ್ಕೆ ಓಡಲು ಸ್ಥಳವಿರುವುದಿಲ್ಲ. ಸಣ್ಣ ಮೀನುಗಳನ್ನು ಜತೆಗೆ ಬಿಟ್ಟರೆ ಅವು ಆಹಾರವಾಗುತ್ತವೆ.

ಚೌಳುನೀರಿನ ಬೇರೆ ಮೀನುಗಳ ವಿಷಯದಲ್ಲಿ ನೆಲದ ಕಷ್ಟವೊಂದಿಲ್ಲ, ಉಳಿದವು ಉಂಟು. ಚುಕ್ಕೆಯ ಸ್ಕ್ಯಾಟ್ ಮೀನನ್ನು ರೂಪಾಯಿ ನಾಣ್ಯದಷ್ಟಿರುವಾಗ ಸಿಹಿನೀರಿನ ಮೀನೆಂದು ಮಾರುತ್ತಾರೆ. ಅದು ಬೆಳೆದು ಒಂದು ಅಡಿಯಷ್ಟಾಗಬಲ್ಲುದು. ಬೆಳೆದಂತೆಲ್ಲ ಹೆಚ್ಚು ಉಪ್ಪನ್ನು ಬೇಡುತ್ತದೆ. ಕೊಂಡವರು ಸ್ಥಳವನ್ನೂ ಉಪ್ಪನ್ನೂ ಒದಗಿಸಲಾರದೆ ಕೊನೆಗೆ ಕೆರೆಗೆ ಬಿಡಲು ಹೊರಡುತ್ತಾರೆ.

ಜಮೀನುದಾರರು ಮಾಡತಕ್ಕದ್ದೇನು?

ಅಲಂಕಾರದ ಮೀನು ಸಾಕಣೆಯನ್ನೇ ನಾನು ನಿಷೇಧಿಸುವವನಲ್ಲ. ೨೦೨೦ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯು ಈ ಕಸಬಿಗೂ ಸಹಾಯಧನವನ್ನು ಗೊತ್ತುಮಾಡಿತು: ನಿಗದಿಯಾದ ವೆಚ್ಚದಲ್ಲಿ ಸಾಮಾನ್ಯವಾಗಿ ನೂರಕ್ಕೆ ೪೦ರಷ್ಟು; ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೂ ಸ್ತ್ರೀಯರಿಗೂ ೬೦ರಷ್ಟು. ಸಹಾಯಧನವು ಹೂಡಿದ ಹಣದ ಒಂದು ಪಾಲನ್ನು ಹಿಂದಿರುಗಿಸೀತೇ ಹೊರತು ಸತ್ತ ಮೀನನ್ನು ಬದುಕಿಸಲಾರದು. ಆದುದರಿಂದ ಈ ಕೆಳಗಿನ ವಿಷಯಗಳನ್ನು ಗಮನಿಸಬೇಕಾಗಿ ಕೋರುತ್ತೇನೆ.

೧. ಬಯಲುಸೀಮೆಯಲ್ಲಿ ಈ ಕಸಬನ್ನು ಹಿಡಿಯುವವರು ಗಪ್ಪಿ, ಮೋಲಿಗಳಂತಹ ಮರಿಹಾಕುವ ಸಿಹಿನೀರಿನ ಮೀನುಗಳಿಂದ ಆರಂಭಿಸಲಿ. ಇವು ಮನೆಯಲ್ಲಿಯೇ ವೃದ್ಧಿಯಾಗುತ್ತವೆ. ಮೋಲಿಯು ಉಪ್ಪುನೀರನ್ನೂ ತಾಳುವುದರಿಂದ, ಚೌಳುನೀರನ್ನು ಸಿದ್ಧಪಡಿಸಿ ಹದವಾಗಿ ಇಡುವುದನ್ನು ಅದರ ಮೇಲೆಯೇ ಅಭ್ಯಾಸಮಾಡಬಹುದು. ಒಂದು ವರ್ಷ ಒಂದು ತೊಟ್ಟಿಯಲ್ಲಿ ಗೆಲ್ಲದವನು ಹತ್ತು ತೊಟ್ಟಿಗಳಿಗೆ ಹಣ ಹೂಡಬಾರದು.

೨. ಚೌಳುನೀರಿನ ಮೀನೇ ಬೇಕೆಂಬವರು ಮರಿಕೇಂದ್ರದಲ್ಲಿ ಹುಟ್ಟಿದವನ್ನೇ ಕೊಳ್ಳಲಿ. ಕೇರಳದವರು ಕರಿಮೀನೆಂದು ಕರೆಯುವ ಮೀನನ್ನು ಮರಿಮಾಡಿಸುವ ವಿಧಾನವನ್ನು ಚೆನ್ನೈಯಲ್ಲಿರುವ ಕೇಂದ್ರೀಯ ಚೌಳುನೀರು ಜಲಕೃಷಿ ಸಂಸ್ಥೆಯವರು ರೂಪಿಸಿದ್ದಾರೆ. ಈ ಮೀನು ಸಿಹಿನೀರಿನ ಕೊಳದಲ್ಲಿಯೂ ಬೆಳೆಯುತ್ತದೆ. ಕೆಸರುಜಿಗಿಕವನ್ನು ವ್ಯಾಪಾರಕ್ಕಾಗಿ ತರುವುದನ್ನು ಬಿಟ್ಟುಬಿಡುವುದೇ ಲೇಸೆಂಬುದು ನನ್ನ ದೃಢವಾದ ಅಭಿಪ್ರಾಯ.

೩. ತೊಟ್ಟಿಯ ಉಪ್ಪುನೀರನ್ನು ಗಿಡಗಳ ಬುಡಕ್ಕೆ ಸುರಿಯಬಾರದು. ಲೀಟರಿಗೆ ೧೦ ಗ್ರಾಮಿನ ನೀರನ್ನು ವಾರಕ್ಕೆ ೧೫ ಲೀಟರಿನಂತೆ ಹಿತ್ತಲಿಗೆ ಚೆಲ್ಲಿದರೆ ವರ್ಷಕ್ಕೆ ಸುಮಾರು ೮ ಕಿಲೋಗ್ರಾಂ ಉಪ್ಪು ಆ ಮಣ್ಣನ್ನು ಸೇರುತ್ತದೆ. ಹತ್ತು ತೊಟ್ಟಿಗಳ ಶೆಡ್ಡಿನಿಂದ ೮೦ ಕಿಲೋಗ್ರಾಂ. ಚೌಳು ಹಿಡಿದ ಭೂಮಿಯನ್ನು ತಿದ್ದಲು ಎಷ್ಟು ವರ್ಷ ಬೇಕೆಂಬುದನ್ನು ನಾಲೆಯ ಬಯಲಿನ ರೈತರನ್ನು ಕೇಳಿದರೆ ತಿಳಿಯುತ್ತದೆ.

೪. ಬೇಡವಾದ ಮೀನನ್ನು ಕೆರೆಗೆ ಬಿಡಲು ಯಾರಿಗೂ ಅವಕಾಶ ಕೊಡಬಾರದು. ಗಾಜಿನ ತೊಟ್ಟಿಗಳಿಂದ ಹೊರಬಿದ್ದ ಸಕ್ಕರ್ ಮೀನು ನಮ್ಮ ದೇಶದ ಹಲವು ಕೆರೆ ಹೊಳೆಗಳಲ್ಲಿ ಬೇರೂರಿ ಬಲೆಗಳನ್ನೂ ದಂಡೆಗಳನ್ನೂ ಕೆಡಿಸುತ್ತಿದೆ. ಊರಿನ ಮುಖಂಡರು ಈ ವಿಷಯವನ್ನು ಗ್ರಾಮಸಭೆಯಲ್ಲಿ ತಿಳಿಸುವುದು ಉಚಿತ.

೫. ಹಣ ಹೂಡುವ ಮೊದಲು ಬಲ್ಲವರನ್ನು ಕೇಳಿರಿ. ಮಂಗಳೂರಿನಲ್ಲಿ ೧೯೬೯ರಿಂದಲೂ ಮೀನುಗಾರಿಕೆಯ ಕಾಲೇಜು ಇದೆ. ರಾಜಗೋಪಾಲನಗರಕ್ಕೆ ದೂರವಲ್ಲದ ಹೆಸರಘಟ್ಟದಲ್ಲಿ ಸಿಹಿನೀರಿನ ಮೀನು ಸಾಕಣೆಯ ಸಂಶೋಧನಾ ಕೇಂದ್ರವಿದೆ. ಮಾರುವವನ ಮಾತೊಂದನ್ನೇ ನಂಬಿ ಬೀಜವನ್ನು ಕೊಳ್ಳದ ನಮ್ಮ ರೈತರು ಮೀನಿನ ವಿಷಯದಲ್ಲಿ ಮಾತ್ರ ಹಾಗೆ ನಂಬುವುದು ಸರಿಯಲ್ಲ.

ಕರಾವಳಿಯ ಗಜನಿ ಭೂಮಿಯ ಒಡೆಯರಿಗೂ ಒಂದು ಮಾತು. ಕಗ್ಗವನ್ನು ಬಿಟ್ಟು ಸೀಗಡಿಯ ಹೊಂಡಗಳನ್ನು ತೋಡಿದ ಕಾಲವನ್ನು ನೀವು ಕಂಡಿದ್ದೀರಿ. ೧೯೯೬ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಕರಾವಳಿಯ ಸೀಗಡಿ ಹೊಂಡಗಳ ಮೇಲೆ ಕಟ್ಟುಪಾಡು ವಿಧಿಸಿದ್ದನ್ನೂ ಬಲ್ಲಿರಿ. ಕಾಂಡ್ಲಾ ಗಿಡವೂ ಕೆಸರುಬಯಲೂ ಉಳಿದರೆ ಮೀನೂ ಸೀಗಡಿಯೂ ಚಿಪ್ಪೂ ನಿಮ್ಮ ತೂಬಿನ ಬಳಿಗೆ ತಾವಾಗಿಯೇ ಬರುತ್ತವೆ. ಬರಿಯ ಕೆಸರೆಂದು ಅದನ್ನು ಹಗುರವಾಗಿ ಎಣಿಸಬಾರದು.

ರಾಜಗೋಪಾಲನಗರದ ಆ ಗೃಹಸ್ಥರು ತೊಟ್ಟಿಯ ನೀರನ್ನು ಅರ್ಧ ಅಡಿಗೆ ಇಳಿಸಿ, ಮರಳಿನ ದಿಬ್ಬವನ್ನು ಕಟ್ಟಿ, ಸಮುದ್ರಲವಣವನ್ನು ತರಿಸಿ, ದಿನಕ್ಕಿಷ್ಟೆಂದು ಹದವನ್ನು ಏರಿಸುತ್ತ ಬಂದರು. ಉಳಿದ ಎರಡರಲ್ಲಿ ಒಂದು ಮೀನು ಸತ್ತಿತು, ಇನ್ನೊಂದು ಬದುಕಿದೆ. ಮೊನ್ನೆ ನಾನು ಹೋದಾಗ ಅದು ದಿಬ್ಬದ ಮೇಲೆ ಕುಳಿತು ನಮ್ಮಿಬ್ಬರನ್ನೂ ನೋಡುತ್ತಿತ್ತು. "ಸ್ವಾಮೀ, ಒಂದು ಮೀನಿಗೆ ಇಷ್ಟು ಮಾಡಬೇಕಾದರೆ ಸಾವಿರ ಮೀನಿಗೆ ನನ್ನಿಂದಾಗದು. ಆ ಜಮೀನಿಗೆ ರಾಗಿಯೇ ಇರಲಿ; ಬಾವಿಯ ಪಕ್ಕದಲ್ಲಿ ಎರಡು ತೊಟ್ಟಿ ಗಪ್ಪಿ ಸಾಕಿ ನೋಡುತ್ತೇನೆ" ಎಂದರು. ಅಂದಾಜುಪಟ್ಟಿಯನ್ನು ಅವರು ಆಗಲೇ ಮಡಿಚಿಟ್ಟಿದ್ದರು.

ಇದಕ್ಕಿಂತ ಹೆಚ್ಚಾಗಿ ನಾನು ಹೇಳಬೇಕಾದದ್ದಿಲ್ಲ. ಭೂಮಿಗೆ ತಕ್ಕ ಬೀಜ, ನೀರಿಗೆ ತಕ್ಕ ಮೀನು ಎಂಬುದನ್ನು ನಮ್ಮ ಗ್ರಾಮಗಳ ಮುಖಂಡರೂ ಜಮೀನುದಾರರೂ ತಮ್ಮ ಮನೆಯ ಯುವಕರಿಗೆ ಮನದಟ್ಟು ಮಾಡಿಕೊಡಬೇಕೆಂದು ಸವಿನಯವಾಗಿ ಪ್ರಾರ್ಥಿಸುತ್ತೇನೆ.